ಪಾಲಿಶ್ ಕೆಲಸಕ್ಕೆ ಯಾವ ಗ್ಲೌಸ್? ಐದು ಬಗೆ ಹಾಕಿ ನೋಡಿದೆ

ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಪಾಲಿಶ್ ಶೆಡ್ ಇದೆ. ಹಳೆ ಮನೆಗಳ ಹಲಸಿನ ಮರದ ಬಾಗಿಲು, ದಾರಂದ, ಕಪಾಟುಗಳ ಬಣ್ಣ ತೆಗೆದು ಹೊಸದು ಮಾಡುವ ಕೆಲಸ. ಟರ್ಪೆಂಟೈನ್, ಥಿನ್ನರ್, ಅಸಿಟೋನ್, ಪೈಂಟ್ ರಿಮೂವರ್ ಇಲ್ಲದೆ ದಿನ ಸಾಗುವುದಿಲ್ಲ. ಗೇರುಬೀಜ ಸುಲಿಯುವ ಹೆಂಗಸರು ಕೈಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ನೋಡಿ ನಾವೂ ತುಂಬಾ ದಿನ ತೆಂಗಿನೆಣ್ಣೆಯನ್ನೇ ನಂಬಿದ್ದೆವು. ಆದರೆ ಥಿನ್ನರ್ ಇರುವುದೇ ಎಣ್ಣೆ, ಬಣ್ಣ ಕರಗಿಸಲು. ಹಚ್ಚಿದ ಎಣ್ಣೆ ಮೊದಲು ಹೋಗುತ್ತದೆ, ಆಮೇಲೆ ಚರ್ಮದೊಳಗಿನ ಜಿಡ್ಡೂ ಹೋಗುತ್ತದೆ. ಒಂದು ಮಧ್ಯಾಹ್ನ ಜೊತೆಯ ಹುಡುಗ ಊಟಕ್ಕೆ ಕೂತವನು "ಅಣ್ಣಾ, ಒಂದು ಚಮಚ ಇದೆಯಾ?" ಅಂದ. ಬೆರಳ ಸಂದಿಗಳೆಲ್ಲ ಬಿರಿದು, ಸಾರು ತಾಗಿದರೆ ಉರಿಯುತ್ತಿತ್ತು. ಅವತ್ತಿನಿಂದ ಗ್ಲೌಸ್ ಹುಡುಕಲು ಶುರು ಮಾಡಿದೆ.

ಮೊದಲು ತಂದದ್ದು ರಬ್ಬರಿನದ್ದು, ಅಂದರೆ ಲೇಟೆಕ್ಸ್. ಅಂಗಡಿಯವರು "ಕೆಮಿಕಲ್ ಗ್ಲೌಸ್" ಅಂತಲೇ ಕೊಟ್ಟರು. ಟರ್ಪೆಂಟೈನ್ ಬಟ್ಟೆ ಹಿಡಿದು ಸ್ವಲ್ಪ ಹೊತ್ತಾಗುವಾಗ ಬೆರಳ ತುದಿ ಉಬ್ಬಿ, ಮೆತ್ತಗಾಗಿ, ಜೋತು ಬಿತ್ತು. ರಬ್ಬರ್ ತೋಟ ಇರುವ ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಪಂಕ್ಚರ್ ಹಾಕುವ ಸೊಲ್ಯೂಷನ್ ಅಂದರೆ ಪೆಟ್ರೋಲಿನಂಥ ದ್ರವದಲ್ಲಿ ಕರಗಿಸಿದ ರಬ್ಬರ್ ಅಲ್ವಾ? ಪಾತ್ರೆ ತೊಳೆಯಲು ಈ ಗ್ಲೌಸ್ ಸಾಕು, ಪಾಲಿಶ್ ಶೆಡ್ಡಿಗೆ ಬೇಡ.

ಆಮೇಲೆ ನೂರರ ಪೆಟ್ಟಿಗೆಯಲ್ಲಿ ಬರುವ ತೆಳು ನೀಲಿ ನೈಟ್ರೈಲ್, ಅಂದರೆ ಒಂದು ಬಗೆಯ ಕೃತಕ ರಬ್ಬರ್. ಕೈಗೆ ಚೆನ್ನಾಗಿ ಕೂರುತ್ತದೆ, ಬ್ರಷ್ ಹಿಡಿಯಲು ಸುಖ. ಅದಕ್ಕೇ ಎಲ್ಲರೂ ಇದನ್ನೇ ಹಾಕುತ್ತಾರೆ. ನನಗೆ ಅತಿ ಜಾಸ್ತಿ ಭಯ ಹುಟ್ಟಿಸಿದ್ದೂ ಇದೇ. ಅಸಿಟೋನ್ ಬಟ್ಟೆ ಹಿಡಿದ ಸ್ವಲ್ಪ ಹೊತ್ತಿಗೆ ಬೆರಳಿಗೆ ತಣ್ಣಗೆ ಆಯಿತು. ಬಿಚ್ಚಿ ಗಾಳಿ ಊದಿ ನೋಡಿದೆ, ಎಲ್ಲೂ ತೂತಿಲ್ಲ. ಇನ್ನೊಂದು ಗ್ಲೌಸಿನ ಬೆರಳು ಕತ್ತರಿಸಿ, ಒಳಗೆ ಸ್ವಲ್ಪ ಅಸಿಟೋನ್ ಹಾಕಿ, ಬಾಯಿಯನ್ನು ನೂಲಿನಿಂದ ಬಿಗಿದು ಗಾಜಿನ ಭರಣಿಯಲ್ಲಿ ಇಟ್ಟು ಮುಚ್ಚಿದೆ. ಐದು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಅಸಿಟೋನ್ ವಾಸನೆ ಗಪ್ಪನೆ ಬಂತು. ಗ್ಲೌಸ್ ಹರಿಯಲೇಬೇಕು ಅಂತಿಲ್ಲ, ತೂತಿಲ್ಲದಿದ್ದರೂ ದ್ರವ ಗ್ಲೌಸಿನೊಳಗೆ ಹೀರಿಕೊಂಡು ಆಚೆ ಬದಿಗೆ ಇಳಿಯುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.

1996ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನ ವಿಜ್ಞಾನಿ ಕ್ಯಾರೆನ್ ವೆಟರ್‌ಹಾನ್ ಅವರ ಲೇಟೆಕ್ಸ್ ಗ್ಲೌಸ್ ಮೇಲೆ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ಕಡುವಿಷದ ಒಂದೆರಡು ಹನಿ ಬಿದ್ದಿತ್ತು. ಅದು ಗ್ಲೌಸ್ ದಾಟಿ ಮೈ ಸೇರಿತು. 1997ರ ಜೂನಿನಲ್ಲಿ ಅವರು ತೀರಿಕೊಂಡರು. ನಮ್ಮ ಥಿನ್ನರ್ ಅಷ್ಟು ಘೋರ ಅಲ್ಲ, ಆದರೆ ಒಳಗೆ ಬರುವ ದಾರಿ ಅದೇ.

ದಪ್ಪ ಹಸಿರು ನೈಟ್ರೈಲ್ ಬೇರೆಯೇ ಮಾತು. ಟರ್ಪೆಂಟೈನ್, ಸೀಮೆಎಣ್ಣೆ, ಪೆಟ್ರೋಲ್ ಮುಟ್ಟುವ ಕೆಲಸಕ್ಕೆ ನಾನು ಕಣ್ಣುಮುಚ್ಚಿ ಇದನ್ನೇ ತೆಗೆದುಕೊಳ್ಳುತ್ತೇನೆ. ಅಸಿಟೋನಿಗೆ ಮಾತ್ರ ಇದೂ ಆಗುವುದಿಲ್ಲ.

ಅಸಿಟೋನಿಗೆ ಇರುವುದು ಬ್ಯುಟೈಲ್, ಇದೂ ಕೃತಕ ರಬ್ಬರೇ. ಕಪ್ಪು, ದಪ್ಪ, ಒಂದು ಜೊತೆಗೇ ಸಾವಿರಕ್ಕೂ ಮೇಲೆ. ಕೊಳ್ಳುವಾಗ ಕೈ ಹಿಂದೆ ಬಂದದ್ದು ನಿಜ. ತಯಾರಕರ ಪಟ್ಟಿಯಲ್ಲಿ ಅಸಿಟೋನ್ ಇದನ್ನು ದಾಟಲು 480 ನಿಮಿಷಕ್ಕೂ ಜಾಸ್ತಿ ಬೇಕು ಅಂತ ಇರುತ್ತದೆ. ಅದೇ ಗ್ಲೌಸಿಗೆ ಟಾಲುವೀನ್ ತಾಗಿದರೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ನಮ್ಮ ಥಿನ್ನರಿನ ತೊಂದರೆ ಇಲ್ಲೇ ಇರುವುದು. ಅದು ಒಂದು ದ್ರವ ಅಲ್ಲ, ಟಾಲುವೀನಿನಂಥವೂ ಅಸಿಟೋನಿನಂಥವೂ ಸೇರಿದ ಬೆರಕೆ. ನೈಟ್ರೈಲಿಗೆ ಒಂದು ಸೋಲು, ಬ್ಯುಟೈಲಿಗೆ ಇನ್ನೊಂದು.

ಐದನೆಯದು ಪದರಪದರವಾಗಿ ಪ್ಲಾಸ್ಟಿಕ್ ಅಂಟಿಸಿ ಮಾಡಿದ ಲ್ಯಾಮಿನೇಟ್ ಗ್ಲೌಸ್. ನೋಡಲು ಹಾಳೆ ಕತ್ತರಿಸಿ ಅಂಟಿಸಿದ ಹಾಗೆ. ಹಾಕಿದರೆ ಪರಪರ ಸದ್ದು, ಬೆರಳಿಗೆ ಸರಿಯಾಗಿ ಕೂರುವುದಿಲ್ಲ, ಸ್ಕ್ರೂ ಹೆಕ್ಕಲು ಬರುವುದಿಲ್ಲ. ಆದರೆ ಥಿನ್ನರ್ ಮತ್ತು ಪೈಂಟ್ ರಿಮೂವರ್ ಎರಡನ್ನೂ ತಡೆಯುವುದು ನಾನು ತಂದವುಗಳಲ್ಲಿ ಇದೊಂದೇ. ಹಳೆ ಬಗೆಯ ರಿಮೂವರಿನಲ್ಲಿ ಇರುವ ಡೈಕ್ಲೋರೋಮೀಥೇನ್ ತೆಳು ನೈಟ್ರೈಲನ್ನು ಒಂದೆರಡು ನಿಮಿಷದೊಳಗೆ ದಾಟುತ್ತದೆ. ಅಮೆರಿಕದಲ್ಲಿ 2019ರಲ್ಲಿ ಇಂಥ ರಿಮೂವರನ್ನು ಮನೆಬಳಕೆಗೆ ಮಾರಬಾರದು ಅಂತ ಮಾಡಿದರು. ಹಾಗಾಗಿ ನಾವು ಒಳಗೆ ಲ್ಯಾಮಿನೇಟ್, ಅದರ ಮೇಲೆ ಒಂದು ಸೈಜ್ ದೊಡ್ಡ ನೈಟ್ರೈಲ್ ಹಾಕುತ್ತೇವೆ. ಮೇಲಿನದು ಹಿಡಿತಕ್ಕೆ, ಒಳಗಿನದು ಕಾವಲಿಗೆ.

ಡೈಕ್ಲೋರೋಮೀಥೇನ್, ಟಾಲುವೀನಿಗೆ ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪ್ಲಾಸ್ಟಿಕ್) ಗ್ಲೌಸ್ ಒಳ್ಳೆಯದೇ, ಆದರೆ ಅದು ನೀರಿಗೆ ಕರಗುತ್ತದೆ. ನಮ್ಮ ಆಟಿಯ ಮಳೆ, ಕೈಯ ಬೆವರು ನೆನಪಿಸಿಕೊಂಡು ಅದನ್ನು ತರಲೇ ಇಲ್ಲ.

ಕೊಳ್ಳುವಾಗ ಬಣ್ಣ, ದಪ್ಪ ನೋಡಿ ಮೋಸ ಹೋಗಬೇಡಿ. ಪ್ಯಾಕೆಟ್ಟಿನ ಮೇಲೆ ಗಾಜಿನ ಫ್ಲಾಸ್ಕ್ ಚಿತ್ರ, 'ಇಎನ್ ಐಎಸ್‌ಒ 374' (ಕೆಮಿಕಲ್ ತಡೆಯುವ ಗ್ಲೌಸಿನ ಮಾನದಂಡ) ಅಂತ ಬರೆದದ್ದು ಇದೆಯಾ ನೋಡಿ. ಚಿತ್ರದ ಕೆಳಗಿನ ಇಂಗ್ಲಿಷ್ ಅಕ್ಷರಗಳಲ್ಲಿ 'ಬಿ' ಅಂದರೆ ಅಸಿಟೋನ್, 'ಡಿ' ಡೈಕ್ಲೋರೋಮೀಥೇನ್, 'ಎಫ್' ಟಾಲುವೀನ್. 'ಟೈಪ್ ಎ' ಅಂದರೆ ಕನಿಷ್ಠ ಆರು ರಾಸಾಯನಿಕಗಳ ಎದುರು 30 ನಿಮಿಷವಾದರೂ ನಿಂತಿದೆ ಅಂತ ಅರ್ಥ. ಆ ಆರರಲ್ಲಿ ನಿಮ್ಮದು ಇದೆಯಾ ಅನ್ನುವುದನ್ನು ಅಕ್ಷರವೇ ಹೇಳಬೇಕು.

ಇನ್ನೊಂದು ವಿಷಯ. ಒದ್ದೆಯಾದ ಗ್ಲೌಸನ್ನು ಒಣಗಿಸಿ ಮರುದಿನ ಹಾಕಿದರೂ, ನಿನ್ನೆ ಹೀರಿಕೊಂಡದ್ದು ಇವತ್ತು ಒಳಮುಖವಾಗಿ ಸರಿಯುತ್ತಲೇ ಇರುತ್ತದೆ. ಅದಕ್ಕೆ ತೆಳು ನೈಟ್ರೈಲಿಗೆ ಥಿನ್ನರ್ ಸಿಡಿದರೆ ಆಗಲೇ ಬಿಚ್ಚಿ ಎಸೆಯುತ್ತೇವೆ. ಬ್ಯುಟೈಲಿನ ಮಣಿಕಟ್ಟಿನಲ್ಲಿ ಮಾರ್ಕರಿನಿಂದ ಮೊದಲು ಬಳಸಿದ ತಾರೀಕು ಬರೆದು, ರಾತ್ರಿ ಶೆಡ್ಡಿನ ಹೊರಗೆ ಗಾಳಿಗೆ ತೂಗು ಹಾಕುತ್ತೇವೆ. ಹುಡುಗನ ಬೆರಳು ಈಗ ಮಾಗಿದೆ. ಚಮಚ ಕೇಳುವುದಿಲ್ಲ.