ಸೀಮೆಜಾಲಿಯ ನೆಲಕ್ಕೆ ಯಾವ ಹಾಸಿಗೆ, ಯಾವ ಕುರ್ಚಿ?

ಹೊಲ, ಬೆಟ್ಟ ಎಂದು ಬಯಲಲ್ಲಿ ರಾತ್ರಿ ತಂಗಲು ಗಾಳಿ ಹಾಸಿಗೆಯನ್ನು ನಾನು ಕೊಂಡದ್ದು ತೂಕಕ್ಕೆ ಮರುಳಾಗಿ. ಅರ್ಧ ಕಿಲೋ, ಸುತ್ತಿದರೆ ನೀರಿನ ಬಾಟಲಿಯಷ್ಟು. ಮಧುಗಿರಿ ಕಡೆಯ ಸೋದರಮಾವನ ಹೊಲದಲ್ಲಿ ಅದನ್ನು ಮೊದಲ ಸಲ ಹಾಸಿದಾಗ ಮಾವ ಟಾರ್ಚ್ ಬಿಟ್ಟು ನೆಲ ನೋಡಿದರು. "ಅಳಿಯ, ಇದು ಕುರಿ ಹಾಯುವ ದಾರಿ. ಸೀಮೆಜಾಲಿ ಮುಳ್ಳು ಕಣ್ಣಿಗೆ ಕಾಣುವುದಿಲ್ಲ" ಎಂದರು. ನಾನು ಅಂಗೈಯಲ್ಲಿ ನೆಲ ಸವರಿ, ಏನೂ ಇಲ್ಲ ಮಾವ ಎಂದೆ. ರಾತ್ರಿ ಮೂರು ಗಂಟೆಗೆ ಸೊಂಟಕ್ಕೆ ನೆಲ ತಾಗಿತು.

ಬೆಳಿಗ್ಗೆ ಕೊಟ್ಟಿಗೆಯ ಮುಂದಿನ ಕಲ್ಲುತೊಟ್ಟಿಯಲ್ಲಿ ಅದ್ದಿದರೆ ಎರಡು ಕಡೆ ಗುಳ್ಳೆ. ಸೈಕಲ್ ಅಂಗಡಿಯ ಸಲ್ಯೂಷನ್ ಆ ಬಟ್ಟೆಗೆ ಹಿಡಿಯಲಿಲ್ಲ. ಹಾಸಿಗೆಯ ಜೊತೆ ಬಂದಿದ್ದ ತೇಪೆ ಹಿಡಿಯಿತು, ಆದರೆ ಅದು ಇದ್ದದ್ದು ತುಮಕೂರಿನ ಮನೆಯ ಕಪಾಟಿನಲ್ಲಿ.

ಇಷ್ಟಾದರೂ ಗಾಳಿ ಹಾಸಿಗೆಯನ್ನು ಬೈಯಲು ಮನಸ್ಸಿಲ್ಲ. ಮಗ್ಗುಲಾಗಿ ಮಲಗುವವರಿಗೆ ಅದರ ಏಳೆಂಟು ಸೆಂಟಿಮೀಟರ್ ದಪ್ಪ ದೊಡ್ಡ ವರ. ಸ್ಕಂದಗಿರಿಯ ಬುಡದಲ್ಲಿ ಸ್ನೇಹಿತರ ದ್ರಾಕ್ಷಿ ತೋಟದ ಅಂಗಳದಲ್ಲಿ (ಬೆಟ್ಟದ ಮೇಲೆ ರಾತ್ರಿ ತಂಗಲು ಬಿಡುವುದಿಲ್ಲ) ಗುಡಿಸಿದ ಗಟ್ಟಿ ನೆಲದ ಮೇಲೆ ಅದರಲ್ಲಿ ಮಲಗಿದಷ್ಟು ಸುಖವಾಗಿ ನಾನು ಮನೆಯಲ್ಲೂ ಮಲಗಿಲ್ಲ. ಒಂದೇ ಕಿರಿಕಿರಿ, ಮಗ್ಗುಲು ಬದಲಿಸಿದಾಗಲೆಲ್ಲ ಒಣಗಿದ ಮುತ್ತುಗದ ಎಲೆ ತುಳಿದಂಥ ಸದ್ದು. ಇನ್ನೊಂದು ಮಾತು: ಸಂಜೆ ಬಿಸಿಲಿನಲ್ಲಿ ಬಿಗಿಯಾಗಿ ತುಂಬಿಸಿದ ಹಾಸಿಗೆ ನಡುರಾತ್ರಿ ಸಡಿಲವಾದರೆ ಪಂಕ್ಚರ್ ಎಂದು ಗಾಬರಿಯಾಗಬೇಡಿ. ತಂಪಿಗೆ ಒಳಗಿನ ಗಾಳಿ ಕುಗ್ಗುತ್ತದೆ. ನಾಲ್ಕು ಸಲ ಊದಿದರೆ ಸರಿಹೋಗುತ್ತದೆ.

ಅದರ ಎದುರಾಳಿ, ಪುಸ್ತಕದಂತೆ ಮಡಚುವ ಫೋಮ್ ಮ್ಯಾಟ್. ನಾನೂರು ಗ್ರಾಂ, ಎರಡು ಸೆಂಟಿಮೀಟರ್ ದಪ್ಪ, ಗಾಳಿ ಹಾಸಿಗೆಯ ಅರ್ಧ ಬೆಲೆಯೂ ಇಲ್ಲ. ಚೀಲದ ಒಳಗೆ ಹಿಡಿಸದು, ಹೊರಗೆ ಕಟ್ಟಬೇಕು. ಪೊದೆಗಳ ನಡುವೆ ನಡೆಯುವಾಗ ಪ್ರತಿ ಕೊಂಬೆಯೂ ಅದನ್ನು ಹಿಡಿದೆಳೆಯುತ್ತದೆ. ಬಂಡೆಯ ಮೇಲೆ ಹಾಸಿ ಮಲಗಿದರೆ ಸೊಂಟದ ಮೂಳೆ ಬೆಳಿಗ್ಗೆಯವರೆಗೂ ಮಾತಾಡುತ್ತಿರುತ್ತದೆ. ಆದರೆ ಮುಳ್ಳು ಚುಚ್ಚಿದರೆ ಕಿತ್ತೆಸೆದು ಮತ್ತೆ ಮಲಗಬಹುದು. ಊದುವ ಕೆಲಸವಿಲ್ಲ, ಕಾಫಿ ಕಾಯಿಸುವಾಗ ನಾಲ್ಕು ಮಡಿಕೆ ಮಾಡಿದರೆ ಅದೇ ಮಣೆ. ನಮ್ಮ ನೆಲಕ್ಕೆ ಒಂದೇ ಒಂದು ಕೊಳ್ಳುವುದಾದರೆ ಇದನ್ನೇ ಕೊಳ್ಳಿ.

ತಾನೇ ಗಾಳಿ ತುಂಬಿಕೊಳ್ಳುವ ಹಾಸಿಗೆಯನ್ನೂ ಒಂದು ಚಳಿಗಾಲ ಬಳಸಿದೆ. ಹೆಸರಷ್ಟೇ ಹಾಗೆ, ಕೊನೆಗೆ ನಾವೂ ಊದಬೇಕು. ಒಳಗೆ ಫೋಮ್ ಇರುವುದರಿಂದ ತೂತಾದರೂ ಪೂರ್ತಿ ನೆಲ ಕಚ್ಚುವುದಿಲ್ಲ. ಒಂದು ಕಿಲೋ ದಾಟುತ್ತದೆ, ಆದ್ದರಿಂದ ಕಾರಿನವರಿಗೆ ಸರಿ.

ಚಳಿಯ ಲೆಕ್ಕಕ್ಕೆ ಆರ್-ವ್ಯಾಲ್ಯೂ ನೋಡಬೇಕು. ಮೈಯ ಶಾಖವನ್ನು ನೆಲ ಎಳೆದುಕೊಳ್ಳದಂತೆ ಹಾಸಿಗೆ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು. 2018ರಲ್ಲಿ ಇದಕ್ಕೆ ಎಎಸ್‌ಟಿಎಂ ಎಫ್3340 ಎಂಬ ಪರೀಕ್ಷಾ ಮಾನದಂಡ ಬಂದ ಮೇಲೆ ಬೇರೆ ಬೇರೆ ಕಂಪನಿಗಳ ಅಂಕಿಯನ್ನು ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಆ ಅಂಕಿಯೇ ಇಲ್ಲದೆ "ಮೈನಸ್ ಹತ್ತು ಡಿಗ್ರಿಗೂ ಸೈ" ಎಂದಷ್ಟೇ ಬರೆದ ಹಾಸಿಗೆಯನ್ನು ನಾನು ನಂಬುವುದಿಲ್ಲ. ನನ್ನ ಫೋಮ್ ಮ್ಯಾಟ್‌ನದು ಎರಡು. ಜನವರಿಯ ನಮ್ಮ ರಾತ್ರಿಗಳಿಗೆ ಅದು ಸಾಕಾಗಿದೆ. ಹಿಮಾಲಯದ ಹಿಮಕ್ಕೆಂದು ಮಾಡಿದ ನಾಲ್ಕೈದರ ಹಾಸಿಗೆಗೆ ಇಲ್ಲಿ ದುಡ್ಡು ಸುರಿಯುವುದು ದಂಡ. ಒಂದರ ಮೇಲೊಂದು ಹಾಸಿದರೆ ಎರಡರ ಅಂಕಿಯೂ ಕೂಡುತ್ತದೆ. ಹೀಗಾಗಿ ಈಗ ನನ್ನ ಏರ್ಪಾಡು ಕೆಳಗೆ ಫೋಮ್, ಮೇಲೆ ತೇಪೆ ಹಾಕಿದ ಗಾಳಿ ಹಾಸಿಗೆ. ಮುಳ್ಳಿಗೆ ಫೋಮ್ ಎದೆಯೊಡ್ಡುತ್ತದೆ, ಸೊಂಟವನ್ನು ಗಾಳಿ ನೋಡಿಕೊಳ್ಳುತ್ತದೆ.

ಅಂದ ಹಾಗೆ ಅಂದು ರಾತ್ರಿ ಮಾವ ಮಲಗಿದ್ದು ಜೊಂಡಿನ ಚಾಪೆ, ಅದರ ಮೇಲೆ ಚಳ್ಳಕೆರೆಯ ಕಂಬಳಿ. ಆರು ಗಂಟೆಯವರೆಗೆ ಗೊರಕೆ. ಆ ಕಂಬಳಿಯನ್ನು ಹೊತ್ತು ಬೆಟ್ಟ ಹತ್ತಬೇಕಿದ್ದರೆ ಅವರೂ ಬೇರೆ ಮಾತಾಡುತ್ತಿದ್ದರು.

ಕೂರುವ ವಿಷಯದಲ್ಲಿ ತೀರ್ಮಾನ ಮಂಡಿಗೆ ಬಿಟ್ಟದ್ದು. ಅಲ್ಯೂಮಿನಿಯಂ ಕೋಲುಗಳನ್ನು ಜೋಡಿಸಿ ಬಟ್ಟೆ ತೊಡಿಸುವ ಕುರ್ಚಿ ಒಂದು ಕಿಲೋ ಆಸುಪಾಸು, ಬೆನ್ನಿಗೆ ಆಸರೆ, ಕೂತರೆ ತೊಟ್ಟಿಲು. ಏಳುವುದೇ ಕಷ್ಟ. ಅತ್ತೆ ಒಮ್ಮೆ ಕೂತು, ಎದ್ದೇಳಲು ನನ್ನ ಎರಡೂ ಕೈ ಹಿಡಿಯಬೇಕಾಯಿತು; ಮತ್ತೆ ಅದರ ಹತ್ತಿರ ಸುಳಿಯಲಿಲ್ಲ. ಉತ್ತ ಹೊಲದಲ್ಲಿ ಅದರ ಸಣ್ಣ ಕಾಲುಗಳು ಕೆಮ್ಮಣ್ಣಿನೊಳಗೆ ಇಳಿದು, ಕೂತವರು ನಿಧಾನವಾಗಿ ಹಿಂದಕ್ಕೆ ವಾಲುತ್ತಾರೆ. ಕಾಲಿನ ಕೆಳಗೆ ಚಪ್ಪಟೆ ಕಲ್ಲು ಕೊಟ್ಟರೆ ನಿಲ್ಲುತ್ತದೆ. ಕೈಯಿರುವ ದೊಡ್ಡ ಮಡಚುವ ಕುರ್ಚಿಯಲ್ಲಿ ಈ ತಾಪತ್ರಯ ಕಡಿಮೆ, ಅತ್ತೆಗೂ ಒಪ್ಪಿಗೆ. ಮೂರು ಕಿಲೋ ಮೀರುವ ಅದನ್ನು ಅಂತರಗಂಗೆಯ ಮೆಟ್ಟಿಲು ಹತ್ತಿಸುವ ಉಸಾಬರಿ ಮಾತ್ರ ಬೇಡ.

ನನಗೆ ಹಿಡಿಸಿದ್ದು ಮೂರು ಕಾಲಿನ ಮಡಚುವ ಸ್ಟೂಲ್. ನಾಲ್ಕು ಕಾಲಿನದು ಏರುತಗ್ಗಿನ ಬಂಡೆಯ ಮೇಲೆ ಕುಂಟುತ್ತದೆ. ಮೂರು ಕಾಲಿನದು ಎಲ್ಲಿಟ್ಟರೂ ಮೂರೂ ನೆಲಕ್ಕೆ ತಾಗುತ್ತವೆ. ಬೆನ್ನಿಗೆ ಆಸರೆಯಿಲ್ಲ, ಅರ್ಧ ಗಂಟೆ ಮೀರಿದರೆ ಎದ್ದು ಓಡಾಡಬೇಕು ಅನ್ನಿಸುತ್ತದೆ. ಆದರೂ ಅಡುಗೆಗೆ, ಬೂಟು ಕಟ್ಟುವುದಕ್ಕೆ, ಸೂರ್ಯ ಹುಟ್ಟುವುದನ್ನು ಕಾಯುವುದಕ್ಕೆ ಅಷ್ಟು ಸಾಕು.

ಆ ಸ್ಟೂಲ್ ಈಗ ನನ್ನ ಬಳಿ ಇಲ್ಲ. ಹಾಲು ಕರೆಯಲು ಸರಿಯಾದ ಎತ್ತರ ಎಂದು ಮಾವ ಕೊಟ್ಟಿಗೆಯಲ್ಲೇ ಇರಿಸಿಕೊಂಡಿದ್ದಾರೆ. ನಾನು ಇನ್ನೊಂದು ಕೊಳ್ಳಬೇಕು.