ಇಂಜಿನ್ ಲೀನ್ ಆಗಿ ಎಮಿಷನ್ ಫೇಲಾ? ಬಾಟ್ಲಿ, ಸೆನ್ಸರ್, ಸ್ಪ್ರೇ, ಸ್ಮೋಕ್ ಟೆಸ್ಟ್: ಯಾವುದು ಕೆಲಸಕ್ಕೆ ಬಂತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ಮೋಕ್ ಟೆಸ್ಟಿಗೆ, ಅಂದರೆ ಇಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ ಹೊಗೆ ಬಿಟ್ಟು ಲೀಕ್ ಹುಡುಕುವ ಪರೀಕ್ಷೆಗೆ. ಟೆಸ್ಟಿಗೆ 800 ರೂಪಾಯಿ, ಲೀಕ್ ಆಗುತ್ತಿದ್ದ ಪೈಪಿಗೆ 350. ಇಂಜಿನ್ ಲೀನ್ ಆಗುವ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುವ) ಇದೇ ತೊಂದರೆಗೆ ಒಂದು ವರ್ಕ್‌ಶಾಪ್ ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಅಳೆಯುವ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತ 7,500ರ ಎಸ್ಟಿಮೇಟ್ ಕೈಗೆ ಕೊಟ್ಟಿತ್ತು. ಅಂಥದ್ದೇ ಎಸ್ಟಿಮೇಟ್ ಹಿಡಿದುಕೊಂಡು ಯೋಚನೆ ಮಾಡುತ್ತಿರುವವರು ಹಣ ಕಟ್ಟುವ ಮುಂಚೆ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನನ್ನದು 2014ರ ಬಿಎಸ್4 ಪೆಟ್ರೋಲ್ ಸೆಡಾನ್. ಚೆಕ್ ಇಂಜಿನ್ ಲೈಟ್ ಹತ್ತಿತ್ತು, ಸಿಗ್ನಲ್‌ನಲ್ಲಿ ನಿಂತರೆ ಸ್ಟೇರಿಂಗ್ ನಡುಗುತ್ತಿತ್ತು. ಎಮಿಷನ್ ಟೆಸ್ಟಿನಲ್ಲಿ ಸಿಒ (ಕಾರ್ಬನ್ ಮಾನಾಕ್ಸೈಡ್) ಬಹಳ ಕಡಿಮೆ ಬಂತು, ಆದರೆ ಎಚ್‌ಸಿ (ಹೈಡ್ರೋಕಾರ್ಬನ್, ಅಂದರೆ ಸುಡದೆ ಉಳಿದ ಪೆಟ್ರೋಲ್) 280. ಬಿಎಸ್4 ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ ಸಿಒ 0.3 ಪರ್ಸೆಂಟ್, ಎಚ್‌ಸಿ 200 ಪಿಪಿಎಂ ದಾಟಬಾರದು. ಎಚ್‌ಸಿ ಜಾಸ್ತಿ ಅಂದ ತಕ್ಷಣ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿದ್ದರೆ ಸಿಒ ಕೂಡ ಏರಬೇಕಿತ್ತು ಅಲ್ವಾ? ಪೆಟ್ರೋಲ್ ತೀರಾ ಕಡಿಮೆಯಾದರೆ ಕಿಡಿ ಬಿದ್ದರೂ ಬೆಂಕಿ ಸರಿಯಾಗಿ ಹಿಡಿಯುವುದಿಲ್ಲ, ಮಿಸ್ಸಿಂಗ್ ಶುರುವಾಗುತ್ತದೆ, ಸುಡದ ಪೆಟ್ರೋಲ್ ಹಾಗೇ ಸೈಲೆನ್ಸರಿಗೆ ಹೋಗುತ್ತದೆ. ಸಿಒ ಕಡಿಮೆ, ಎಚ್‌ಸಿ ಜಾಸ್ತಿ ಬಂದರೆ ಮೊದಲು ಈ ಅನುಮಾನ ಪಡಿ.

ಬೇರೇನು ಮಾಡಿಸಿದರೂ, ಬಿಟ್ಟರೂ, ಕಾರಿನ ಕಂಪ್ಯೂಟರ್ ಓದುವ ಒಂದು ಒಬಿಡಿ ಡಾಂಗಲ್ ಮಾತ್ರ ಇಟ್ಟುಕೊಳ್ಳಿ. ಇಎಲ್‌ಎಂ327 ಅಂತ ಸಿಗುತ್ತದೆ, ಫೋನಿನಲ್ಲಿ ಟಾರ್ಕ್ ಅಥವಾ ಕಾರ್ ಸ್ಕ್ಯಾನರ್ ಆಪ್ ಸಾಕು. ನನ್ನ ಕಾರು ತೋರಿಸಿದ ಕೋಡ್ ಪಿ0171, ಅಂದರೆ ಮಿಕ್ಸ್ಚರ್ ಲೀನ್. ಕೋಡ್ ಅಷ್ಟೇ ನೋಡಿ ಬಿಡಬೇಡಿ, ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ನೋಡಿ, ಮಿಕ್ಸ್ಚರ್ ಸರಿ ಮಾಡಲು ಕಂಪ್ಯೂಟರ್ ಎಷ್ಟು ಪರ್ಸೆಂಟ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ ಅದು. ಐಡ್ಲಿಂಗ್‌ನಲ್ಲಿ ಪ್ಲಸ್ 24 ಇತ್ತು, 2,500 ಆರ್‌ಪಿಎಂಗೆ ಏರಿಸಿದರೆ 7ಕ್ಕೆ ಇಳಿಯುತ್ತಿತ್ತು. ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಒಳಗೆ ಹೋಗುತ್ತಿದೆ ಅಂತ ಇದರ ಅರ್ಥ. ಐಡ್ಲಿಂಗ್‌ನಲ್ಲಿ ಆ ಕಳ್ಳಗಾಳಿಯ ಪಾಲು ದೊಡ್ಡದು, ಥ್ರಾಟಲ್ ತೆರೆದರೆ ಲೆಕ್ಕಕ್ಕೇ ಬರುವುದಿಲ್ಲ. ಪೆಟ್ರೋಲ್ ಪಂಪ್ ವೀಕ್ ಆಗಿದ್ದರೆ ಉಲ್ಟಾ ಆಗುತ್ತದೆ, ಆಕ್ಸಿಲರೇಟರ್ ತುಳಿದಷ್ಟೂ ಟ್ರಿಮ್ ಏರುತ್ತದೆ. ಒಂದು ಮಾತು: ಇದು ನನ್ನ ಕಾರಿನ ಹಾಗೆ ಎಂಎಎಫ್ ಸೆನ್ಸರ್ (ಒಳಗೆ ಹೋಗುವ ಗಾಳಿ ಅಳೆಯುವುದು) ಇರುವ ಕಾರುಗಳ ಲೆಕ್ಕ. ಬರೀ ಎಂಎಪಿ ಸೆನ್ಸರ್ (ಇನ್‌ಟೇಕ್ ಒತ್ತಡ ಅಳೆಯುವುದು) ಇರುವ ಕಾರಿನಲ್ಲಿ ಏರ್ ಲೀಕ್ ಆದರೆ ಟ್ರಿಮ್ ಇಷ್ಟು ಏರುವುದಿಲ್ಲ, ಐಡ್ಲಿಂಗ್ ಆರ್‌ಪಿಎಂ ತಾನಾಗಿ ಏರಿ ಕೂರುತ್ತದೆ.

ಟ್ಯಾಂಕಿಗೆ ಸುರಿಯುವ ಇಂಜೆಕ್ಟರ್ ಕ್ಲೀನರ್ ಬಾಟ್ಲಿ: ಏನೂ ಬದಲಾಗಲಿಲ್ಲ. ಒಡೆದ ಪೈಪನ್ನು ಅದು ಮುಚ್ಚುವುದಿಲ್ಲ.

ಆಕ್ಸಿಜನ್ ಸೆನ್ಸರ್ ಬದಲಾಯಿಸುವುದು ಜ್ವರ ತೋರಿಸಿತು ಅಂತ ಥರ್ಮಾಮೀಟರ್ ಎಸೆದ ಹಾಗೆ. ಸೆನ್ಸರ್ ಬದುಕಿದೆಯಾ ಅಂತ ನೋಡುವುದು ಸುಲಭ. ಇಂಜಿನ್ ಓಡುತ್ತಿರುವಾಗ ಏರ್ ಫಿಲ್ಟರ್ ಬಾಕ್ಸಿನ ಮೂತಿಗೆ ಸ್ವಲ್ಪ ಕಾರ್ಬ್ ಕ್ಲೀನರ್ (ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇ) ಆವಿ ಹೋಗುವಂತೆ ಮಾಡಿದೆ, 0.1 ವೋಲ್ಟ್‌ನಲ್ಲಿ (ಲೀನ್) ಬಿದ್ದಿದ್ದ ರೀಡಿಂಗ್ ತಕ್ಷಣ 0.8ಕ್ಕೆ (ಪೆಟ್ರೋಲ್ ಜಾಸ್ತಿ) ಹಾರಿತು. ಸೆನ್ಸರ್ ಚೆನ್ನಾಗಿದೆ, ನಿಜವನ್ನೇ ಹೇಳುತ್ತಿದೆ. 7,500 ಉಳಿಯಿತು.

ಈಗ ಸ್ಪ್ರೇ ವಿಷಯ. ಎಲ್ಲಾ ವಿಡಿಯೋಗಳಲ್ಲೂ ಇದನ್ನೇ ತೋರಿಸುತ್ತಾರೆ: ಅನುಮಾನ ಇರುವ ಜಾಗಕ್ಕೆ ಕಾರ್ಬ್ ಕ್ಲೀನರ್ ಹೊಡಿ, ಲೀಕ್ ಇದ್ದರೆ ಇಂಜಿನ್ ಅದನ್ನು ಎಳೆದುಕೊಳ್ಳುತ್ತದೆ, ಐಡ್ಲಿಂಗ್ ಬದಲಾಗುತ್ತದೆ, ಶಾರ್ಟ್ ಟರ್ಮ್ ಟ್ರಿಮ್ (ಆ ಕ್ಷಣದ ಟ್ರಿಮ್) ಸರ್ ಅಂತ ಇಳಿಯುತ್ತದೆ. 250 ರೂಪಾಯಿ ಕ್ಯಾನ್, ಮನೆ ಮುಂದೆಯೇ ಕೆಲಸ.

ತೊಂದರೆ ರೇಡಿಯೇಟರ್ ಫ್ಯಾನಿಂದ. ಇಂಜಿನ್ ಬಿಸಿಯಾಗುತ್ತಿದ್ದ ಹಾಗೆ ಫ್ಯಾನ್ ತಿರುಗಲು ಶುರುವಾಗುತ್ತದೆ, ಹೊಡೆದ ಸ್ಪ್ರೇಯನ್ನೆಲ್ಲ ಬಾನೆಟ್ ಒಳಗೆ ಸುತ್ತಿಸುತ್ತದೆ. ಥ್ರಾಟಲ್ ಬಾಡಿ ಗ್ಯಾಸ್ಕೆಟ್ ಹತ್ತಿರ ಹೊಡೆದರೂ ಟ್ರಿಮ್ ಇಳಿಯಿತು, ಇಂಜೆಕ್ಟರ್ ಓ-ರಿಂಗ್ ಹತ್ತಿರ ಹೊಡೆದರೂ ಇಳಿಯಿತು, ಬ್ರೇಕ್ ಬೂಸ್ಟರ್ ಪೈಪಿನ ಹತ್ತಿರವೂ ಅದೇ ಕಥೆ. ಎಲ್ಲಾ ಕಡೆ ಲೀಕ್ ಇರಲು ಸಾಧ್ಯವಿಲ್ಲ. ಫ್ಯಾನ್ ನಿಂತಾಗ ಹೊಡೆದರೆ ಎಲ್ಲೂ ಇಳಿಯುವುದಿಲ್ಲ, ಯಾಕೆಂದರೆ ನನ್ನ ಕಾರಿನ ಲೀಕ್ ಇದ್ದದ್ದು ಇನ್‌ಟೇಕ್ ಮ್ಯಾನಿಫೋಲ್ಡ್ ಅಡಿಯಲ್ಲಿ, ಮೇಲಿಂದ ಹೊಡೆದದ್ದು ಅಲ್ಲಿಗೆ ಮುಟ್ಟುವ ಮುಂಚೆಯೇ ಆವಿಯಾಗುತ್ತದೆ. ಈ ಸ್ಪ್ರೇ ನಂಬಿಕೊಂಡು ಗ್ಯಾಸ್ಕೆಟ್, ಓ-ರಿಂಗ್ ಅಂತ ಒಂದೊಂದಾಗಿ ತರಿಸಲು ಹೊರಟರೆ ಸೆನ್ಸರ್ ದುಡ್ಡನ್ನೂ ಮೀರುತ್ತದೆ. ಜೊತೆಗೆ ಪಕ್ಕದಲ್ಲೇ ಕಾದ ಎಕ್ಸಾಸ್ಟ್ ಇರುತ್ತದೆ, ಕ್ಯಾನಲ್ಲಿರುವುದು ಬೆಂಕಿ ಹಿಡಿಯುವ ವಸ್ತು. ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಇದನ್ನು ಮಾಡುವ ಹಾಗೇ ಇಲ್ಲ.

ಸ್ಮೋಕ್ ಟೆಸ್ಟಿನಲ್ಲಿ ಇಂಜಿನ್ ಆಫ್ ಇರುತ್ತದೆ. ಫ್ಯಾನ್ ಇಲ್ಲ, ಬೆಂಕಿಯ ಭಯ ಇಲ್ಲ. ಮೆಕ್ಯಾನಿಕ್ ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ ರಬ್ಬರ್ ಮುಚ್ಚಳ ಹಾಕಿ, ಬ್ರೇಕ್ ಬೂಸ್ಟರ್ ಪೈಪಿನಿಂದ ಒಳಗೆ ಹೊಗೆ ಬಿಟ್ಟರು. ಎಣ್ಣೆ ಕಾಯಿಸಿ ಮಾಡುವ ದಪ್ಪ ಬಿಳಿ ಹೊಗೆ. ಸ್ವಲ್ಪ ಹೊತ್ತಿಗೇ ಮ್ಯಾನಿಫೋಲ್ಡ್ ಅಡಿಯಿಂದ ಒಂದು ಎಳೆ ಮೇಲೆ ಬಂತು. ಟಾರ್ಚ್ ಹಾಕಿ ನೋಡಿದರೆ ಪಿಸಿವಿ ಪೈಪಿನ (ಇಂಜಿನ್ ಒಳಗಿನ ಆವಿಯನ್ನು ಮತ್ತೆ ಇನ್‌ಟೇಕಿಗೆ ತರುವ ಪೈಪು) ಬೆಂಡ್. ಎಣ್ಣೆ ಕುಡಿದು ಮೆತ್ತಗಾದ ರಬ್ಬರ್, ಸುಮ್ನೆ ನೋಡಿದರೆ ಏನೂ ಕಾಣುವುದಿಲ್ಲ, ಬೆರಳಲ್ಲಿ ಬಗ್ಗಿಸಿದರೆ ಉಗುರಿನಷ್ಟು ಉದ್ದದ ಸೀಳು ಬಾಯಿ ತೆರೆಯುತ್ತದೆ. ಪೈಪ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಗ್ಯಾರೇಜ್ ಆಯ್ಕೆ ಮಾಡುವಾಗ ಒಂದು ಕೇಳಿ: ಹೊಗೆ ಬಿಡಲು ಕಡಿಮೆ ಪ್ರೆಷರಿನ ಮೆಷಿನ್ ಇದೆಯಾ ಅಂತ. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನೇ ನೇರ ಕೊಟ್ಟರೆ ಚೆನ್ನಾಗಿರುವ ಸೀಲ್‌ಗಳೂ ಹೋಗುತ್ತವೆ. ಹಾಗೇ ಸೈಲೆನ್ಸರಿಗೂ ಒಮ್ಮೆ ಹೊಗೆ ಬಿಡಿಸಿ. ಅಲ್ಲಿ ತೂತಿದ್ದರೆ ಹೊರಗಿನ ಗಾಳಿ ಸೇರಿ, ಇಂಜಿನ್ ಸರಿ ಇದ್ದರೂ 2,500 ಆರ್‌ಪಿಎಂ ಹತ್ತಿರ ಅಳೆಯುವ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ) ಮಿತಿಯಾದ 1.03 ದಾಟಬಹುದು.

ಮನೆ ಮುಂದೆ ಬಯಲು ಜಾಗ, ಭಾನುವಾರದ ಬಿಡುವು, ಪಕ್ಕದಲ್ಲಿ ಫೈರ್ ಎಕ್ಸ್ಟಿಂಗ್ವಿಶರ್ ಇರುವವರು ಬೇಕಾದರೆ ಸ್ಪ್ರೇ ಮಾಡಲಿ, ಇಂಜಿನ್ ತಣ್ಣಗಿದ್ದಾಗ, ಫ್ಯಾನ್ ಓಡುವ ಮುಂಚೆ. ವಾರಕ್ಕೊಮ್ಮೆ ಕಾರು ತೆಗೆಯುವ ನನ್ನಂಥವರಿಗೆ ಡಾಂಗಲ್ ಮತ್ತು ಸ್ಮೋಕ್ ಟೆಸ್ಟ್ ಸಾಕು.

ಪೈಪ್ ಹಾಕಿಸಿದ ಮೇಲೆ ಕೋಡ್ ಅಳಿಸಿ ನೇರ ಟೆಸ್ಟಿಗೆ ಓಡಬೇಡಿ. ಕೋಡ್ ಅಳಿಸಿದರೆ ಕಲಿತ ಟ್ರಿಮ್ ಕೂಡ ಸೊನ್ನೆಯಾಗುತ್ತದೆ, ಸಿಟಿ ಮತ್ತು ಹೈವೇ ಎರಡೂ ಕಡೆ ಓಡಿಸಿ ಮತ್ತೆ ಕಲಿಯಲು ಬಿಡಿ. ನನ್ನದು ಪ್ಲಸ್ 5ಕ್ಕೆ ನಿಂತಿದೆ. ಈಗ ಬಂಕಿನಲ್ಲಿ ಸಿಗುವುದು ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್), ಎಥನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಹಳೇ ಕಾರಿನಲ್ಲಿ ಅಷ್ಟು ಪ್ಲಸ್ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿ ಬಿಸಿಯಾಗುವಷ್ಟು ಓಡಿಸಿಕೊಂಡು ಹೋಗಿ, ಸೆಂಟರಿನಲ್ಲಿ ಸಾಲು ಇದ್ದರೆ ಇಂಜಿನ್ ಆಫ್ ಮಾಡಬೇಡಿ. ನನ್ನ ಕಾರಿನ ಎಚ್‌ಸಿ 46 ಬಂತು.