ಕೊಟ್ಟಿಗೆಗೇ ಬಂದು ಲಸಿಕೆ ಹಾಕುವ ಸೇವೆ: ಎರಡು ಸುತ್ತು ನೋಡಿದ ಮೇಲೆ

ಕರುಗಳೂ ಸೇರಿ ನಮ್ಮಲ್ಲಿ 22 ರಾಸುಗಳಿವೆ. ಕಾಲುಬಾಯಿ ರೋಗದ ಲಸಿಕೆಯನ್ನು ಕೊಟ್ಟಿಗೆಗೇ ಬಂದು ಹಾಕುವ ಸಂಚಾರಿ ಸೇವೆಯೊಂದರಿಂದ ಈವರೆಗೆ ಎರಡು ಸುತ್ತು ಹಾಕಿಸಿದ್ದೇನೆ. ಇಂತಹ ಸೇವೆಯ ಗುಣವನ್ನು ಲಸಿಕೆಯ ಹೆಸರಿಗಿಂತ ಅದನ್ನು ಹೊತ್ತು ತಂದ ಪೆಟ್ಟಿಗೆಯಲ್ಲಿ ನೋಡಬೇಕೆಂಬುದು ನನ್ನ ಅಭಿಪ್ರಾಯ.

ಈ ಲಸಿಕೆಯನ್ನು ತಯಾರಾದಲ್ಲಿಂದ ಸೂಜಿಗೆ ಏರುವವರೆಗೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಬೇಕು. ಬಿಸಿಯಾದರೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. ಮೊದಲ ಸುತ್ತಿನಲ್ಲಿ ಸೀಸೆಯೊಂದು ಐಸ್ ಪ್ಯಾಕಿಗೆ ಒತ್ತಿಕೊಂಡು ಕುಳಿತಿತ್ತು. ಬಂದಿದ್ದ ಸಿಬ್ಬಂದಿ ಅದನ್ನು ಬೆಳಕಿಗೆ ಹಿಡಿದು, ಹಾಲಿನಂತೆ ಒಂದೇ ಸಮನಾಗಿರಬೇಕಾದ ಮದ್ದಿನಲ್ಲಿ ಎಣ್ಣೆ ಬೇರೆ, ನೀರು ಬೇರೆಯಾಗಿ ನಿಂತಿದ್ದುದನ್ನು ನನಗೆ ತೋರಿಸಿ, ಒಂದು ಹನಿಯನ್ನೂ ಬಳಸದೆ ಪಕ್ಕಕ್ಕಿಟ್ಟರು. ಜೋಡಿಸುವಾಗ ಆದ ತಪ್ಪು ಅವರದೇ, ನಿಜ; ಆದರೂ ಸುಮ್ಮನೆ ಕುಲುಕಿ ಚುಚ್ಚಿಬಿಟ್ಟಿದ್ದರೆ ನನಗೆ ತಿಳಿಯುವ ದಾರಿಯೇ ಇರಲಿಲ್ಲ.

ಸೂಜಿಯ ವಿಷಯದಲ್ಲಿ ಇಷ್ಟು ಮೆಚ್ಚಲಾರೆ. ಪ್ರತಿ ರಾಸಿಗೂ ಹೊಸ ಸೂಜಿ ಎಂದು ಒಪ್ಪಿಕೊಂಡಿದ್ದವರು ಹದಿನಾರನೆಯ ರಾಸಿನ ಹೊತ್ತಿಗೆ ಹಳೆಯದನ್ನೇ ಒರೆಸಿಕೊಳ್ಳಲು ಹೊರಟರು. ಅನಾಪ್ಲಾಸ್ಮಾದಂತಹ ರಕ್ತದ ರೋಗಾಣು ಒಂದೇ ಸೂಜಿಯಿಂದ ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟಬಲ್ಲದಾದ್ದರಿಂದ ನಾನು ತಡೆದೆ. ಸ್ವಲ್ಪ ಗೊಣಗಾಟದ ನಂತರ ವಾಹನದಿಂದ ಹೊಸ ಸೂಜಿಗಳ ಪೊಟ್ಟಣ ಇಳಿಯಿತು. ಇದ್ದುದನ್ನು ಮೊದಲೇ ತರಬಹುದಿತ್ತು.

ಜ್ವರವಿದ್ದ ಒಂದು ಹಸುವನ್ನು ಬಿಟ್ಟು, ಅದರ ಕಿವಿಯೋಲೆಯ ಸಂಖ್ಯೆ ಬರೆದುಕೊಂಡು, ಅದು ಚೇತರಿಸಿಕೊಂಡ ಮೇಲೆ ಮತ್ತೆ ಬಂದು ಹಾಕಿದರು. ಸೀಸೆಯ ಮೇಲೆ ಯಾವ ಯಾವ ಬಗೆಯ ವೈರಸ್‌ಗಳ ಹೆಸರಿದೆ ಎಂದು ಕೇಳಿದಾಗ ಬೇಸರಿಸದೆ ಓದಿ ಹೇಳಿದರು. ಈ ರೋಗದ ವೈರಸ್‌ನಲ್ಲಿ ಏಳು ಬಗೆಗಳಿದ್ದು, ಒಂದರ ಲಸಿಕೆ ಇನ್ನೊಂದನ್ನು ತಡೆಯದಿರುವುದರಿಂದ ಇದು ಕೇಳಲೇಬೇಕಾದ ಪ್ರಶ್ನೆ.

ಹೇಳದೆ ಬಿಟ್ಟದ್ದೂ ಉಂಟು. ಮರುದಿನ ಹಾಲು ಇಳಿಯಿತು, ಎರಡು ಹಸುಗಳು ಮೇವನ್ನು ಮೂಸಿ ಬಿಟ್ಟವು, ಕೆಲವಕ್ಕೆ ಕುತ್ತಿಗೆಯಲ್ಲಿ ಚುಚ್ಚಿದ ಕಡೆ ಗಂಟು ಕಟ್ಟಿತು. ಒಂದೆರಡು ದಿನದಲ್ಲಿ ಹಾಲು ಮೊದಲಿನಂತಾಯಿತು. ಗಂಟು ಕರಗಲು ಇನ್ನಷ್ಟು ಕಾಲ ಹಿಡಿಯಿತು. ಇವೆಲ್ಲ ಸಾಮಾನ್ಯವೆಂದು ಮೊದಲೇ ಒಂದು ಮಾತು ಹೇಳಿದ್ದರೆ ಆ ರಾತ್ರಿ ನಾವು ನಿದ್ದೆಗೆಡುತ್ತಿರಲಿಲ್ಲ. ಸೂಜಿ ಹಾಕಿದ ದಿನವೇ ರಕ್ಷಣೆ ಬಂದುಬಿಡುವುದಿಲ್ಲ, ಅದಕ್ಕೆ ಸುಮಾರು ಎರಡು ವಾರ ಬೇಕು, ಅಲ್ಲಿಯವರೆಗೆ ಹೊರಗಿನ ರಾಸುಗಳನ್ನು ಕೊಟ್ಟಿಗೆಗೆ ಸೇರಿಸಬಾರದು ಎಂಬುದನ್ನೂ ಅವರು ತಿಳಿಸಲಿಲ್ಲ.

ನನ್ನ ದೊಡ್ಡ ದೂರು ಕರುಗಳ ಬಗ್ಗೆ. ನಾಲ್ಕು ತಿಂಗಳು ತುಂಬಿದ ಎರಡು ಕರುಗಳಿಗೆ ಮೊದಲ ಸುತ್ತಿನಲ್ಲಿ ಲಸಿಕೆ ಬಿತ್ತು. ತಿಂಗಳ ನಂತರ ಹಾಕಬೇಕಾದ ಬೂಸ್ಟರ್‌ಗೆ ಹತ್ತು ದಿನ ತಡವಾಗಿ, ಅದೂ ಮೂರು ಬಾರಿ ಫೋನ್ ಮಾಡಿದ ಮೇಲೆ ಬಂದರು. 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾದ ದೊಡ್ಡರೋಗಕ್ಕೆ (ದನಗಳ ಮಾರಕ ಕಾಯಿಲೆ ರಿಂಡರ್‌ಪೆಸ್ಟ್) ಒಂದೇ ಸಲ ಹಾಕಿದ ಲಸಿಕೆ ರಾಸಿನ ಆಯುಷ್ಯದುದ್ದಕ್ಕೂ ಕಾಯುತ್ತಿತ್ತು. ಕಾಲುಬಾಯಿ ರೋಗದ ಲಸಿಕೆಗೆ ಆ ಬಾಳಿಕೆಯಿಲ್ಲ. ಆರು ತಿಂಗಳಿಗೊಮ್ಮೆ ಹಾಕಿಸುತ್ತಲೇ ಇರಬೇಕಾಗಿರುವಾಗ ದಿನ ತಪ್ಪಿಸುವುದು ಸಣ್ಣ ಲೋಪವಲ್ಲ.

ಎರಡನೆಯ ಸುತ್ತಿಗೆ ಮಾತ್ರ ಹೇಳಿದ ದಿನವೇ ಬಂದರು; ಪೆಟ್ಟಿಗೆಯಲ್ಲಿ ಸೀಸೆಗಳಿಗೂ ಐಸ್ ಪ್ಯಾಕಿಗೂ ನಡುವೆ ದಪ್ಪ ರಟ್ಟು ಇತ್ತು. ಮೂರನೆಯ ಸುತ್ತಿಗೂ ಇವರಿಗೇ ಹೇಳಿದ್ದೇನೆ. ಸೂಜಿಗಳನ್ನು ಮಾತ್ರ ಮೊದಲೇ ಎಣಿಸಿ ಇಳಿಸಿಕೊಳ್ಳುತ್ತೇನೆ.